ಎಣಿಸದೆ ಹೊರಟ ಗಾಡಿಗಳು

ನಮ್ಮ ಅತ್ತೆ ಗಾದ್ರಮ್ಮನವರ ಎದುರು ಯಾರೂ ಯಾರನ್ನೂ ಎಣಿಸುವಂತಿಲ್ಲ. ದನ ಎಣಿಸುವಂತಿಲ್ಲ, ಕುರಿ ಎಣಿಸುವಂತಿಲ್ಲ, ಮನೆಯ ಮಕ್ಕಳನ್ನು ಬೆರಳು ಮಡಚಿ ಎಣಿಸಿದರೆ ಬೆರಳಿಗೇ ಏಟು. ಅವರ ತವರು ಜಗಳೂರು ಸೀಮೆಯಲ್ಲಿ ದೇವರ ದನ ಕಾಯುವವರ ಮನೆ. ಎಣಿಸಿದರೆ ಮಂದೆಗೆ ಕಣ್ಣು ತಗುಲುತ್ತದೆ ಎಂಬುದು ಅವರ ಮನೆಯ ನಂಬಿಕೆ. ಸಂಜೆ ದನ ರೊಪ್ಪಕ್ಕೆ ಬಂದಾಗ ಬಾಗಿಲಲ್ಲಿ ನಿಂತು ಸುಮ್ಮನೆ ಒಮ್ಮೆ ಕಣ್ಣಾಡಿಸುತ್ತಾರಂತೆ, ಒಂದು ಕರು ಹಿಂದುಳಿದಿದ್ದರೂ ಗೊತ್ತಾಗಿಬಿಡುತ್ತದಂತೆ. ಅದು ಹೇಗೆ ಎಂದು ಹೊಸ ಸೊಸೆಯಾಗಿದ್ದಾಗ ಒಮ್ಮೆ ಕೇಳಿದ್ದೆ.

"ಬಾಯಾಗಿನ ಹಲ್ಲು ಬಿದ್ರೆ ಎಣಿಸಿ ನೋಡ್ತೀಯೇನೇ? ನಾಲಿಗೆಗೆ ತಾನೇ ಗೊತ್ತಾಗಲ್ವಾ?" ಎಂದಿದ್ದರು.

ನಕ್ಕುಬಿಟ್ಟೆ. ಜಗಳ ತೆಗೆಯುವುದರಲ್ಲಿ ನಾನೇನು ಹಿಂದೆ ಬಿದ್ದವಳಲ್ಲ, ಆದರೆ ಅಂದು ತೆಗೆಯಲಿಲ್ಲ.

ದೀಪಾವಳಿ ಕಳೆದ ಭಾನುವಾರ ನಾವು ತೀರ್ಥರಾಮೇಶ್ವರಕ್ಕೆ ಹೊರಟೆವು. ಅತ್ತೆಗೆ ಬೇಕಿದ್ದದ್ದು ತೀರ್ಥ. ನ್ಯಾಮತಿಯ ಆಚೆ ಬೆಟ್ಟದ ಕಲ್ಲಿನೊಳಗಿಂದ ಬೇಸಿಗೆಯಲ್ಲೂ ನಿಲ್ಲದೆ ಬರುವ ಆ ನೀರು ಎಲ್ಲಿ ಹುಟ್ಟುತ್ತದೆ ಎಂದು ಯಾರಿಗೂ ತಿಳಿಯದು. ಸಾಯುವುದರೊಳಗೆ ಒಮ್ಮೆ ಅದನ್ನು ತಲೆಗೆ ಹಾಕಿಕೊಳ್ಳಬೇಕು ಎಂದು ಅವರು ವರ್ಷಗಳಿಂದ ಹೇಳುತ್ತಿದ್ದರು. ನನಗೆ ಬೇಕಿದ್ದದ್ದು ದಾರಿ. ದಾರಿಯಲ್ಲಿ ಸಂತೆಬೆನ್ನೂರಿನ ಪುಷ್ಕರಣಿ ಸಿಗುತ್ತದೆ, ಸೂಳೆಕೆರೆ ಸಿಗುತ್ತದೆ. ಹೊನ್ನಾಳಿ ದಾಟಿದ ಮೇಲೆ ಒಂದು ಹಳೆಯ ಮಿಷನ್ನಿನ ಪಾಳು ಇದೆ ಎಂದು ಯಾರೋ ಹಾಕಿದ್ದ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ್ದೆ. ಬಿಳಿ ಪಾದ್ರಿಗಳು ಕಟ್ಟಿ, ಪ್ಲೇಗು ಬಂದಾಗ ಬಿಟ್ಟುಹೋದ ಇಗರ್ಜಿಯಂತೆ. ಚಾವಣಿ ಬಿದ್ದುಹೋಗಿ ಗೋಡೆಗಳಷ್ಟೇ ನಿಂತಿದ್ದವು, ಕಿಟಕಿಯ ಕಮಾನಿನಲ್ಲಿ ಆಲದ ಬೇರು ಇಳಿಬಿದ್ದಿತ್ತು. ಜಗಳೂರಿನಲ್ಲಿ ಗಂಡನ ಮೋಟಾರ್ ವೈಂಡಿಂಗ್ ಅಂಗಡಿ, ಅದರ ಹಿಂದೆ ನಮ್ಮ ಮನೆ. ಬೆಳಗಿನಿಂದ ಸಂಜೆಯವರೆಗೆ ತಾಮ್ರದ ತಂತಿ ನೋಡಿ ನೋಡಿ ನನಗೆ ಸಾಕಾಗಿತ್ತು. ಅಲ್ಲಿಗೆ ಹೋಗಲೇಬೇಕು ಎಂದು ಹಟ ಹಿಡಿದೆ.

"ಮುರುಕು ಗೋಡೆ ನೋಡಾಕೆ ಅಷ್ಟು ದೂರ ಹೋಗಬೇಕಾ? ನಮ್ಮ ಹಿತ್ತಲಾಗೇ ಐತಲ್ಲ," ಎಂದರು ಗಂಡ ಮಾರುತೇಶ್.

"ನಿಮ್ಮ ಹಿತ್ತಲ ಗೋಡೆ ನೀವೇ ಕಟ್ಟಿದ್ದು. ಅದು ಕಟ್ಟುವಾಗ್ಲೇ ಮುರುಕು," ಎಂದೆ. ಅಲ್ಲಿಗೆ ನನ್ನ ಮಾತೇ ಗೆದ್ದಿತು.

ಎರಡು ಗಾಡಿ. ಬಾಡಿಗೆಯ ಕ್ರೂಸರ್ ಒಂದು, ಅದರ ಡ್ರೈವರ್ ಪ್ರದೀಪ್. ಇನ್ನೊಂದು ನನ್ನ ಮೈದುನ ಪರಶುರಾಮನ ಸಾಮಾನು ಸಾಗಿಸುವ ಟಾಟಾ ಏಸ್. ಮುಚ್ಚಿದ ಗಾಡಿಯಲ್ಲಿ ಕೂತರೆ ಅತ್ತೆಗೆ ವಾಂತಿ. ಹಾಗಾಗಿ ಅವರು ಏಸಿನ ಹಿಂದೆ, ಪಾತ್ರೆ ಪಗಡಗಳ ಮಧ್ಯೆ ಹಾಸಿದ ಜಮಖಾನದ ಮೇಲೆ, ಕಾಲು ಚಾಚಿ ಹಿಂದಿನ ರಸ್ತೆ ನೋಡುತ್ತಾ ಕೂತರು. ಅವರ ನಾದಿನಿ ಅಜ್ಜಮ್ಮ ಜೊತೆಗೆ. ಉಳಿದ ನೆಂಟರು ಕ್ರೂಸರಿನಲ್ಲಿ. ಅಜ್ಜಮ್ಮನ ಮೊಮ್ಮಗಳು ಮೊದಲಾದ ಮಕ್ಕಳಿಗೆ ಜಾಗ ಗೊತ್ತುಮಾಡಿರಲಿಲ್ಲ. ಮನಸ್ಸು ಬಂದರೆ ಕ್ರೂಸರ್, ಬೇಜಾರಾದರೆ ಏಸ್. ನನ್ನ ಮಗಳು ದುರ್ಗಾಂಬಿಕಾ, ಆರು ವರ್ಷದ ದುರ್ಗಿ, ಪ್ರತಿ ನಿಲುಗಡೆಯಲ್ಲೂ ಗಾಡಿ ಬದಲಿಸಿದಳು. ಅಜ್ಜಿಯೆಂದರೆ ಅವಳಿಗೆ ಪ್ರಾಣ.

ಹೊರಡುವಾಗ ಪ್ರದೀಪ್ ಬೆರಳು ನೀಡಿ, "ಒಂದು, ಎರಡು..." ಎಂದು ಶುರುಮಾಡಿದ. ಅತ್ತೆ ಏಸಿನಿಂದ ಬಗ್ಗಿ ಅವನ ಕೈಗೆ ಹೊಡೆದರು.

"ಏಯ್, ನಮ್ಮ ಮಂದೀನ ಎಣಿಸಬ್ಯಾಡ."

"ಅಜ್ಜಿ, ಯಾರಾದ್ರೂ ಬಿಟ್ಟುಹೋದ್ರೆ ನನ್ನ ತಲೆಗೆ ಬರ್ತೈತೆ."

"ನಾನಿಲ್ವೇನೋ? ನಾನು ನೋಡಿ ಹೇಳ್ತೀನಿ. ಆಮೇಲೆ ಬಿಡು ನಿನ್ನ ಗಾಡಿ."

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಅತ್ತೆ ಕಣ್ಣಾಡಿಸುವುದು, "ಅದಾರೆ, ಹೊರಡ್ರಿ" ಎನ್ನುವುದು, ಎರಡೂ ಗಾಡಿ ಹೊರಡುವುದು. ಪುಷ್ಕರಣಿಯಲ್ಲಿ ಹಾಗೆಯೇ ಆಯಿತು. ಸೂಳೆಕೆರೆಯ ಏರಿಯ ಮೇಲೆ ರೊಟ್ಟಿ ತಿಂದೆವು, ಅಲ್ಲೂ ಹಾಗೆಯೇ. ಆ ಸಲ ಮಳೆ ಚೆನ್ನಾಗಿ ಆಗಿತ್ತು, ಕೆರೆ ತುಂಬಿ ಆಚೆ ದಡ ಕಾಣುತ್ತಿರಲಿಲ್ಲ. ದುರ್ಗಿ ಇದು ಸಮುದ್ರವೇ ಎಂದು ವಾದ ಹೂಡಿದಳು. ಚನ್ನಗಿರಿಯ ಕೋಟೆಯನ್ನು ಕಿಟಕಿಯಿಂದಲೇ ನೋಡಿದೆವು. ಹೊನ್ನಾಳಿಯಲ್ಲಿ ಟೀ ಕುಡಿದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಾದ್ರಿ ಗುಡಿ ತಲುಪಿದೆವು. ಆ ಕಡೆಯ ಜನ ಪಾಳನ್ನು ಹಾಗೆಯೇ ಕರೆಯುತ್ತಾರೆ.

ವಿಡಿಯೋದಲ್ಲಿ ಕಂಡದ್ದಕ್ಕಿಂತ ದೊಡ್ಡದಾಗಿತ್ತು. ಒಳಗೆ ನಿಂತು ತಲೆಯೆತ್ತಿದರೆ ಚಾವಣಿಯ ಜಾಗದಲ್ಲಿ ಬರೀ ಆಕಾಶ. ಯಾರು ಎಲ್ಲಿಂದ ಬಂದು ಈ ಕಲ್ಲು ಹೊರಿಸಿದರು, ಯಾರ ಮಕ್ಕಳು ಇಲ್ಲಿ ಅಕ್ಷರ ಕಲಿತರು, ಕೊನೆಗೆ ಹೊರಟವರು ಬಾಗಿಲು ಹಾಕಿಕೊಂಡು ಹೋದರೋ ಹಾಗೇ ಬಿಟ್ಟು ಹೋದರೋ ಎಂದು ಯೋಚಿಸುತ್ತಾ ನಾನು ನಿಜವಾಗಿ ಮೈಮರೆತೆ. ಅತ್ತೆ ಒಳಗೆ ಬರಲಿಲ್ಲ. ಬೇರೆಯವರ ದೇವರ ಜಾಗ, ದೀಪವಿಲ್ಲದ ಜಾಗ, ಹೊರಗೆ ಗಾಡಿಯಲ್ಲೇ ಇರುತ್ತೇನೆ ಎಂದರು. ದುರ್ಗಿ ಒಳಗೆ ಒಂದು ಸುತ್ತು ಓಡಿ, "ಅವ್ವಾ, ಅಜ್ಜಿ ಹತ್ರ ಹೋಗ್ತೀನಿ" ಎಂದಳು. "ಹೋಗು" ಎಂದೆ. ತೀರ್ಥರಾಮೇಶ್ವರದಲ್ಲಿ ಹೊತ್ತು ಮುಳುಗಿದರೆ ಕಾಡುದಾರಿ ಕಷ್ಟ ಎಂದು ಪ್ರದೀಪ್ ಹಾರ್ನ್ ಹೊಡೆಯತೊಡಗಿದ. ಓಡಿ ಬಂದು ಕ್ರೂಸರ್ ಹತ್ತಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಅದಾರೆ, ಹೊರಡ್ರಿ."

ಬೆಟ್ಟದಲ್ಲಿ ನೀರು ಬೀಳುವಲ್ಲಿ ಎಲ್ಲರೂ ಸಾಲಾಗಿ ನಿಂತೆವು. ಅತ್ತೆ ಮೊದಲು ತಲೆಯೊಡ್ಡಿದರು. ಮುಖದ ಮೇಲೆ ನೀರು ಇಳಿಯುತ್ತಿರುವಾಗಲೇ ಕೈ ಹಿಂದಕ್ಕೆ ಚಾಚಿ ಕರೆದರು.

"ದುರ್ಗೀ, ಬಾರೇ. ನೀನು ಬಾ ಮೊದ್ಲು."

ಯಾರೂ ಹೋಗಲಿಲ್ಲ. ನಾನು ಏಸಿನ ಮಕ್ಕಳ ಕಡೆ ನೋಡಿದೆ. ಅತ್ತೆ ಕ್ರೂಸರಿನ ಮಕ್ಕಳ ಕಡೆ ನೋಡಿದರು.

"ನಿಮ್ಮ ಹತ್ರ ಇಲ್ವಾ ಅತ್ತೆ?"

"ನಿನ್ನ ಹತ್ರ ಅದಾಳೆ ಅಂತ..."

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಗಾಡಿಗಳ ಸೀಟಿನ ಕೆಳಗೆಲ್ಲ ನೋಡಿದೆವಂತೆ, ಕಾಡಿನ ಕಡೆ ಕೂಗಿದೆವಂತೆ. ನನಗೆ ನೆನಪಿರುವುದು ಜಗಳ. ದುರ್ಗಿಯನ್ನು ಕೊನೆಗೆ ಎಲ್ಲಿ ನೋಡಿದ್ದು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಅಜ್ಜಮ್ಮ ಆಣೆಯಿಟ್ಟರು. ಕೂಸು ಸೂಳೆಕೆರೆಯ ಏರಿಯಿಂದ ಕೆಳಗೆ ನೀರಿನ ಕಡೆ ಇಳಿಯುತ್ತಿತ್ತು, ಆಮೇಲೆ ತಾನು ಕಂಡಿಲ್ಲ ಎಂದರು. ಹೊನ್ನಾಳಿಯಲ್ಲಿ ಮಿರ್ಚಿ ಕೊಟ್ಟೆನಲ್ಲ, ಇದ್ದಳು ಎಂದರು ಮಾರುತೇಶ್. ಅವಳ ಕೈಗೇ ಕೊಟ್ಟಿರಾ ಎಂದು ನಾನು ಅಂಗಿ ಹಿಡಿದು ಕೇಳಿದೆ. ಕಿಟಕಿಯಿಂದ ಬಂದ ಪುಟ್ಟ ಕೈಗಳಿಗೆ ಕೊಟ್ಟಿದ್ದರು, ಮುಖ ನೋಡಿರಲಿಲ್ಲ.

"ಪಾದ್ರಿ ಗುಡಿಯಾಗೆ ಇದ್ಲು ರೀ! ನನ್ನ ಹತ್ರ ಮಾತಾಡಿದ್ಲು!" ಎಂದು ಕಿರುಚಿದೆ.

"ನೀನು ಆ ಗೋಡೆ ನೋಡ್ಕೊಂತ ನಿಂತಿದ್ದೆ. ಮಾತಾಡಿದ್ದು ನಿನ್ನ ಮಗಳೋ ಅಜ್ಜಮ್ಮನ ಮೊಮ್ಮಗಳೋ, ಖಾತ್ರಿ ಐತಾ ನಿನಗೆ?"

ಖಾತ್ರಿ ಇತ್ತು. ಮಾರುತೇಶ್ ಹಾಗೆ ಕೇಳಿದ ಕೂಡಲೇ ಇಲ್ಲವಾಯಿತು. ಮನೆಯ ಮಕ್ಕಳೆಲ್ಲ ನನ್ನನ್ನು ಅವ್ವಾ ಎಂದೇ ಕರೆಯುತ್ತಿದ್ದವು. ಯಾರೋ ಅವ್ವಾ ಎಂದಿದ್ದರು, ನಾನು ತಿರುಗದೆ ಹೋಗು ಎಂದಿದ್ದೆ. ಹಸಿರು ಲಂಗ ಕಂಡ ಹಾಗಿತ್ತು. ಮಕ್ಕಳಿಗೆಲ್ಲ ಹಬ್ಬಕ್ಕೆ ಒಂದೇ ಥಾನಿನ ಬಟ್ಟೆ ಹೊಲಿಸಿದ್ದೆವು. ನನ್ನ ಮಗುವಿನ ದನಿ ನನಗೇ ಗುರುತಿಲ್ಲದ ಹಾಗೆ ಆಯಿತಲ್ಲ ಎಂದು ತಲೆ ಚಚ್ಚಿಕೊಂಡೆ. ಕಣ್ಣ ಮುಂದೆ ಆಚೆ ದಡ ಕಾಣದ ಆ ನೀರು ಬಂದು ನಿಂತುಬಿಟ್ಟಿತು.

ಬೆಟ್ಟದಲ್ಲಿ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ನ್ಯಾಮತಿಯ ಹತ್ತಿರ ಬಂದ ಮೇಲೆ ಮಾರುತೇಶ್ ಪೊಲೀಸರಿಗೆ ಫೋನ್ ಮಾಡಿದರು. ಆ ಕಡೆಯವರು ಒಳ್ಳೆಯ ಮಾತಿನಲ್ಲೇ ಕೇಳಿದರು. ಮಗು ಎಲ್ಲಿ ಕಾಣೆಯಾಯಿತು, ಯಾವ ಠಾಣೆಗೆ ಹೇಳಬೇಕು? ಮಾರುತೇಶ್ ಚನ್ನಗಿರಿಗೂ ಹೊನ್ನಾಳಿಗೂ ಎರಡೂ ಕಡೆ ಹೇಳಿ ಎಂದರು. ಅವರು ಪ್ರದೀಪನ ಜೊತೆ ಕ್ರೂಸರಿನಲ್ಲಿ ಸೂಳೆಕೆರೆಗೆ ವಾಪಸ್ ಹೊರಟರು. ನಾನು ಏಸಿನಲ್ಲಿ ಪರಶುರಾಮನ ಪಕ್ಕ ಕೂತು ಪಾದ್ರಿ ಗುಡಿಯ ದಾರಿ ಹಿಡಿದೆ. ಉಳಿದವರನ್ನು ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟೆವು. ಅತ್ತೆ ಮಾತ್ರ ಇಳಿಯಲಿಲ್ಲ.

"ಇಳೀರಿ ಅತ್ತೆ. ನೀವು ಬಂದು ಏನ್ ಮಾಡ್ತೀರಿ? ಮತ್ತೆ ಕಣ್ಣಾಡಿಸ್ತೀರಾ?"

ಹದಿನೈದು ಜನರೆದುರು ಅತ್ತೆಗೆ ಹಾಗೆ ಅಂದೆ. ಅವರು ತಣ್ಣೀರಿನಲ್ಲಿ ನೆನೆದ ಸೀರೆಯಲ್ಲೇ ಏಸಿನ ಕಂಬಿ ಹಿಡಿದು ಕೂತರು. ಪರಶುರಾಮ ಗಾಡಿಯನ್ನು ಎಷ್ಟು ಜೋರಾಗಿ ಬಿಟ್ಟನೆಂದರೆ ಹಿಂದೆ ಪಾತ್ರೆಗಳೆಲ್ಲ ಉರುಳಾಡಿದವು. ಉರುಳಾಡಲಿ, ಆ ಮುದುಕಿಯೂ ಉರುಳಾಡಲಿ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಪಾದ್ರಿ ಗುಡಿಯಲ್ಲಿ ಯಾರೂ ಇರಲಿಲ್ಲ. ನಾವು ಬಂದಾಗ ಪಾಳಿನ ಸುತ್ತ ಆಡುತ್ತಿದ್ದ ಹಳ್ಳಿ ಮಕ್ಕಳೂ ಮನೆಗೆ ಹೋಗಿದ್ದರು. ಹೊತ್ತು ಇಳಿದು ಗೋಡೆಗಳು ಕಪ್ಪಾಗುತ್ತಿದ್ದವು. "ದುರ್ಗೀ" ಎಂದು ಕೂಗಿದರೆ ನನ್ನ ದನಿಯೇ ತಿರುಗಿ ಬಂತು. ಪಾರಿವಾಳ ಹಾರಿದ ಸದ್ದಿಗೆಲ್ಲ ಅವಳೇ ಎಂದು ಓಡಿದೆ. ಪೂಜೆಯ ಜಾಗದ ಹಿಂದೆ, ಬಿದ್ದ ಕಂಬದ ಸಂದಿಯಲ್ಲಿ, ಮುರಿದ ಮೆಟ್ಟಿಲ ಕೆಳಗೆ ಎಲ್ಲ ಕಡೆ ಕೈ ಹಾಕಿ ನೋಡಿದೆ. ಮಧ್ಯಾಹ್ನ ಬೆರಗಿನಿಂದ ನೋಡಿದ ಅದೇ ಕಲ್ಲುಗಳು. ಈಗ ಒಂದೊಂದೂ ಮಗುವನ್ನು ನುಂಗಿ ಕೂತಿದೆಯೇನೋ ಅನ್ನಿಸುತ್ತಿತ್ತು.

"ಅತ್ತಿಗೆ," ಎಂದ ಪರಶುರಾಮ ಹಿಂದಿನಿಂದ. "ಇಲ್ಲೊಂದು ಬಾವಿ ಐತೆ."

ಜಾಲಿ ಪೊದೆಯ ಮರೆಯಲ್ಲಿತ್ತು. ಪಾದ್ರಿಗಳ ಕಾಲದ್ದೇ ಇರಬೇಕು. ಕಲ್ಲಿನ ಕಟ್ಟೆ ಒಂದು ಕಡೆ ಕುಸಿದು ನೆಲಕ್ಕೆ ಸಮನಾಗಿತ್ತು. ಮೊಬೈಲಿನ ಬೆಳಕು ಬಿಟ್ಟರೆ ಕೆಳಗೆ ಹಸಿರು ಪಾಚಿ. ಪಾಚಿಯ ಮಧ್ಯೆ ಒಂದು ಕಡೆ ಒಡೆದು, ಕಪ್ಪು ನೀರು ಕಾಣುತ್ತಿತ್ತು. ಏನೋ ಬಿದ್ದು ಒಡೆದ ಹಾಗೆ.

ಪರಶುರಾಮ ಏಸಿನಿಂದ ತಾಡಪಾಲು ಕಟ್ಟುವ ಹಗ್ಗ ತಂದು ಆಲದ ಬೇರಿಗೆ ಬಿಗಿದ, ಅಂಗಿ ಕಳಚಿದ. ಈಜು ಬರುತ್ತದೆಯೇ ಎಂದು ಕೇಳಿದೆ. "ಬರಲ್ಲ, ಹಗ್ಗ ಬಿಡಲ್ಲ" ಎಂದ. ಬೇಡ ಎನ್ನಬೇಕಿತ್ತು. ಅವನಿಗೂ ಹೆಂಡತಿ ಇದ್ದಾಳೆ. ನಾನು "ಇಳಿ" ಎಂದೆ.

ಅತ್ತೆ ಬಾವಿಯ ಆಚೆ ಬದಿಯಲ್ಲಿ ನೆಲ ಹಿಡಿದು ಕೂತಿದ್ದರು. ಕೆಳಗೆ ನೀರು ಕದಡುವ ಸದ್ದು ಕೇಳಿದಾಗಲೆಲ್ಲ ಎದೆಗೆ ಗುದ್ದಿಕೊಳ್ಳುತ್ತಿದ್ದರು. ಅಳುತ್ತಿರಲಿಲ್ಲ. ದೇವರಿಗೂ ಹೇಳುತ್ತಿರಲಿಲ್ಲ, ನನಗೂ ಹೇಳುತ್ತಿರಲಿಲ್ಲ, ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

"ನಾನು ನೋಡಿದ್ನಲ್ಲ. ಎಲ್ರೂ ಇದ್ರಲ್ಲ. ನಾನು ನೋಡಿದ್ನಲ್ಲ."

"ಏನ್ ನೋಡಿದ್ರಿ?" ಎಂದೆ. ತಡೆಯಲಾಗಲಿಲ್ಲ. "ಬೆರಳು ಮಡಚಿ ಎಣಿಸಿದ್ರೆ ಏನ್ ಹೋಗ್ತಿತ್ತು ನಿಮ್ಮ ಗಂಟು? ಆ ಡ್ರೈವರ್ ಎಣಿಸ್ತೀನಿ ಅಂದ್ನಲ್ಲ! ನಮ್ಮ ಮಕ್ಕಳೇನು ನಿಮ್ಮ ತವರಿನ ದನಾನಾ?"

"ರತ್ನಾ, ನಾನೇ ಇಳೀತೀನಿ ಬಾವಿಗೆ. ನನ್ನ ಇಳಿಸ್ರಿ."

"ಇಳೀರಿ. ಯಾರು ಬ್ಯಾಡ ಅಂದ್ರು?"

ಅವರು ನಿಜವಾಗಿ ಕಟ್ಟೆಯ ಕಡೆಗೆ ತೆವಳಿದರು. ನಾನು ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಪರಶುರಾಮ ಕೂಗಿದ. ಕೈಗೆ ಏನೂ ಸಿಗುತ್ತಿಲ್ಲ, ಕಾಲಿಗೆ ತಳ ತಾಗುತ್ತಿಲ್ಲ, ನೀರು ಬಲು ಆಳ. ಇಲ್ಲ ಎನ್ನುವಂತೆಯೂ ಇಲ್ಲ, ಇದೆ ಎನ್ನುವಂತೆಯೂ ಇಲ್ಲ. ಆಗ ಓಡಿಹೋಗಿ ಅತ್ತೆಯ ಸೀರೆ ಹಿಡಿದು ಹಿಂದಕ್ಕೆ ಎಳೆದೆ. ಪ್ರೀತಿಯಿಂದಲ್ಲ. ಇನ್ನೊಬ್ಬರನ್ನು ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ.

ಮಾರುತೇಶ್ ಫೋನ್ ಮಾಡಿದರು. ಇನ್ನೂ ಚನ್ನಗಿರಿ ಮುಟ್ಟಿಲ್ಲ, ಕೆರೆಯ ಹತ್ತಿರ ಪೊಲೀಸರು ಮೀನು ಹಿಡಿಯುವವರನ್ನು ಕೇಳುತ್ತಿದ್ದಾರೆ, ಯಾರೂ ನೋಡಿಲ್ಲವಂತೆ ಎಂದರು. "ಅಲ್ಲಿ ಸಿಕ್ಲಾ?" ಎಂದು ಕೇಳಿದರು. ಬಾವಿಯ ವಿಷಯ ಹೇಳಲಿಲ್ಲ. "ಹುಡುಕ್ತಿದೀವಿ" ಎಂದು ಫೋನ್ ಇಟ್ಟೆ.

ಅಷ್ಟು ಹೊತ್ತಿಗೆ ರಸ್ತೆಯ ಕಡೆಯಿಂದ ಒಬ್ಬ ಹೆಂಗಸು ಬರುವುದು ಕಂಡಿತು. ನಡುವಯಸ್ಸು, ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಮಗು. ಹಸಿರು ಲಂಗ.

ಆಮೇಲೆ ತಿಳಿಯಿತು. ಅವರ ಹೆಸರು ಕರಿಯಕ್ಕ, ಪಾಳಿನ ಆಚೆಯ ಹಟ್ಟಿಯವರು. ಆಡಿಗೆ ಸೊಪ್ಪು ಕಡಿಯುತ್ತಿದ್ದವರಿಗೆ ರಸ್ತೆಯಲ್ಲಿ ಒಂಟಿಯಾಗಿ ಓಡುತ್ತಿದ್ದ ಕೂಸು ಸಿಕ್ಕಿತು. ಬಿಟ್ಟುಹೋದವರು ಬಂದೇ ಬರುತ್ತಾರೆ ಎಂದು ರಸ್ತೆ ಬದಿಯಲ್ಲೇ ಕೂರಿಸಿಕೊಂಡು ಬಹಳ ಹೊತ್ತು ಕಾದರು. ಆಡುಗಳನ್ನು ಕೂಡುವ ಹೊತ್ತಾದಾಗ ಕೂಸನ್ನೂ ಕರೆದುಕೊಂಡು ಹಟ್ಟಿಗೆ ಹೋಗಿ, ಆಡು ಕೂಡಿ ಮತ್ತೆ ಬಂದಿದ್ದರು.

"ನಿಮ್ದೇನಾ ಕೂಸು?" ಎಂದು ಅವರು ದೂರದಿಂದಲೇ ಗದರಿದರು. "ಎಂಥಾ ಮಂದಿರೀ ನೀವು? ಹೆತ್ತಿದ್ದನ್ನ ಹಿಂಗೆ ದಾರಿಯಾಗೆ ಬಿಟ್ಟು ಹೋಗೋದಾ?"

ಇನ್ನೂ ನಾಲ್ಕು ಮಾತು ಅನ್ನಲಿ ಎನ್ನಿಸಿತು. ಓಡಿದೆ. ಕಾಲು ಎಡವಿ ಬಿದ್ದು, ಮೊಣಕಾಲಿನಲ್ಲೇ ಹೋಗಿ ದುರ್ಗಿಯ ಕಾಲು ಹಿಡಿದೆ. ಬೆಚ್ಚಗಿತ್ತು. ನನ್ನ ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ ಎಂದು ಪರಶುರಾಮ ಈಗಲೂ ಹೇಳುತ್ತಾನೆ. ಅದನ್ನು ಕೇಳಿಯೇ ಅವನು ಹಗ್ಗ ಹಿಡಿದು ಮೇಲೆ ಬಂದನಂತೆ.

ದುರ್ಗಿ ಮಾತ್ರ ನನ್ನ ಹತ್ತಿರ ಬರಲಿಲ್ಲ. ಕರಿಯಕ್ಕನ ಕುಪ್ಪಸ ಬಿಡಲಿಲ್ಲ. ಅತ್ತು ಅತ್ತು ಅವಳ ಮುಖ ಊದಿತ್ತು, ಈಗ ಅಳುತ್ತಿರಲಿಲ್ಲ. ಎಳೆದು ಎತ್ತಿಕೊಂಡೆ. ಅವಳು ಕಟ್ಟಿಗೆಯ ಹಾಗೆ ಬಿಗಿಯಾಗಿದ್ದಳು.

"ಯಾಕವ್ವಾ? ನಾನು ನಿಮ್ಮವ್ವ ಅಲ್ವಾ? ಯಾಕ್ ಮಾತಾಡಲ್ಲ?"

ಅವಳು ಬಾವಿಯ ಕಡೆ ನೋಡಿದಳು. ಅತ್ತೆ ಏಳಲಾಗದೆ ಅಲ್ಲೇ ಕೂತು ಎರಡೂ ಕೈ ಚಾಚಿದ್ದರು. ಕತ್ತಲೆ ಕವಿಯುತ್ತಿದ್ದುದರಿಂದ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ದುರ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಅಜ್ಜಿ ನನ್ನ ನೋಡಿದ್ಲು."

"ಯಾವಾಗ?"

"ಗಾಡಿ ಹೋಗೋವಾಗ. ನಾನು ಆ ಹಳ್ಳಿ ಹುಡುಗೀರ ಜೊತೆ ಹಿಂದೆ ಓಡಿದೆ. ಅಜ್ಜೀ ಅಜ್ಜೀ ಅಂದೆ. ಅವರೂ ಎಲ್ರೂ ಕೂಗಿದ್ರು. ಅಜ್ಜಿ ನನ್ನೇ ನೋಡಿ ನಕ್ಲು. ಕೈ ಬೀಸಿ ಟಾಟಾ ಮಾಡಿದ್ಲು. ನನ್ನ ಬ್ಯಾಡ ಅಂತ ಬಿಟ್ಟು ಹೋದ್ರಾ ಅವ್ವಾ?"

ನನಗೆ ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ಹಳ್ಳಿ ಮಕ್ಕಳು ಗಾಡಿಯ ಹಿಂದೆ ಕೂಗುತ್ತಾ ಓಡುವುದು, ಧೂಳು, ಏಸಿನೊಳಗೆ ತೂಕಡಿಸುವ ಅಜ್ಜಮ್ಮ ಮತ್ತು ಮಕ್ಕಳು, ಹಿಂದೆ ಕಾಲು ಚಾಚಿ ಕೂತ ಅತ್ತೆ. ಮಂದೆಯಲ್ಲಿ ಒಂದು ಕರು ತಪ್ಪಿದರೂ ಹಿಡಿಯುತ್ತಿದ್ದ ಆ ಕಣ್ಣುಗಳಿಗೆ ಪೊರೆ ಬಂದು ಎಷ್ಟು ಕಾಲವಾಯಿತೋ ಯಾರಿಗೆ ಗೊತ್ತು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಯಾರದೋ ಊರಿನ ಯಾರದೋ ಮಕ್ಕಳು ಎಂದುಕೊಂಡು ತುಂಬಿದ ಮನಸ್ಸಿನಿಂದ ಕೈ ಬೀಸಿದ್ದರು.

"ಏನಂತೈತೆ ರತ್ನಾ ಕೂಸು?" ಅತ್ತೆ ಬಾವಿಯ ಬಳಿಯಿಂದ ಕೇಳಿದರು. "ಏನಂತೈತೆ? ನನ್ನ ಹೆಸರು ಹೇಳ್ತೈತಾ?"

ಬೆಳಗಿನಿಂದ, ಅಲ್ಲ, ಮದುವೆಯಾದಂದಿನಿಂದ ನಾನು ಆ ಹೆಂಗಸಿನ ಮೇಲೆ ಗೆಲ್ಲಬೇಕೆಂದು ಕಾದಿದ್ದೆ. ಈಗ ಒಂದೇ ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದನ್ನು ಕೇಳಿದರೆ ಅವರು ಇಂದಲ್ಲ ನಾಳೆ ಯಾವುದಾದರೂ ಬಾವಿಗೆ ಇಳಿಯುತ್ತಾರೆ, ಹಿಡಿದು ಎಳೆಯಲು ಯಾರೂ ಇರುವುದಿಲ್ಲ.

"ಹಸಿವಂತೆ ಅತ್ತೆ," ಎಂದೆ. "ಅಜ್ಜೀನೇ ತಿನ್ನಿಸಬೇಕಂತೆ."

ದುರ್ಗಿ ನನ್ನ ತೋಳಿನಲ್ಲಿ ಸೆಟೆದಳು. ನಾನು ಅವಳ ಕಿವಿಯಲ್ಲಿ, "ಅಜ್ಜಿಗೆ ಕಣ್ಣು ಕಾಣಲ್ಲ ಕಣೇ. ಹೇಳಬ್ಯಾಡ. ಯಾವತ್ತೂ ಹೇಳಬ್ಯಾಡ," ಎಂದೆ.

ಮೈಯೆಲ್ಲ ಪಾಚಿಯಾಗಿದ್ದ ಪರಶುರಾಮ ಅಣ್ಣನಿಗೆ ಫೋನ್ ಮಾಡಿ ಕೂಸು ಸಿಕ್ಕಿತು ಎಂದು ಹೇಳಿ, ಏಸಿನಿಂದ ರೊಟ್ಟಿಯ ಗಂಟು ತಂದುಕೊಟ್ಟ. ಅತ್ತೆ ಒಂದು ತುತ್ತು ಮುರಿದು, ಕೂಸಿನ ಬಾಯಿ ಎಲ್ಲಿದೆ ಎಂದು ಕತ್ತಲಲ್ಲಿ ತಡಕಾಡುತ್ತಾ ಕೈ ಮುಂದೆ ಚಾಚಿದರು. ದುರ್ಗಿ ಆ ಕೈಯನ್ನೇ ನೋಡುತ್ತಾ ತುಟಿ ಬಿಗಿಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ಅವಳು ಕತ್ತು ಮುಂದೆ ಚಾಚಿ, ಅಜ್ಜಿಯ ಬೆರಳು ಇದ್ದಲ್ಲಿಗೆ ತಾನೇ ಬಾಯಿ ತಂದಳು.